ಇಳಿದು ದೂಡುವವರ ಭಾರ

ಅಣ್ಣನ ಪಿಕಪ್ ಎಷ್ಟು ಭಾರ ತಡೆಯುತ್ತದೆ ಎಂದು ಅವನಿಗೆ ಹೇಳಿದವಳು ನಾನು. ಆ ಮಾತಿನ ಮೇಲೆ ಅವನು ಒಂಬತ್ತು ವರ್ಷ ಗಾಡಿ ಹೊಡೆದ. ಮಾತು ತಪ್ಪಾಗಿತ್ತು ಎಂದು ನನಗೆ ಗೊತ್ತಾದದ್ದು ಕಳೆದ ಹಿಂಗಾರಿನಲ್ಲಿ, ಗಾಡಿ ಹೊಲಕ್ಕೆ ನುಗ್ಗಿದ ನಾಲ್ಕನೆಯ ದಿನ. ಗೊತ್ತಾದ ಮೇಲೂ ಹತ್ತೊಂಬತ್ತು ದಿನ ಅವನಿಗೆ ಹೇಳಲಿಲ್ಲ. ಈ ದಿನಗಳನ್ನು ಡೈರಿ ನೋಡಿ ಎಣಿಸಿದ್ದೇನೆ. ನೆನಪನ್ನು ಕೇಳಿದ್ದರೆ ಅದು ‘ಒಂದೆರಡು ದಿನ’ ಎಂದು ಮುಗಿಸಿಬಿಡುತ್ತಿತ್ತು.

ನಮ್ಮ ಮನೆ ಕೇಶ್ವಾಪುರದಲ್ಲಿದೆ. ಕೆಳಗೆ ಅಣ್ಣ ಮತ್ತು ಅವನ ಹೆಂಡತಿ ವೈನಿ, ಮೇಲಿನ ಎರಡು ಕೋಣೆಗಳಲ್ಲಿ ನಾನು. ಧಾರವಾಡದ ಒಂದು ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸುತ್ತೇನೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಇಪ್ಪತ್ತಾರು ವರ್ಷದಿಂದ ಹೀಗೇ ಇದೆ. ಮನೆಗೆ ಬರುವ ಇಂಗ್ಲಿಷ್ ಕಾಗದಗಳನ್ನೆಲ್ಲ ಓದಿ ಹೇಳುವುದು ನನ್ನ ಪಾಲಿನ ಕೆಲಸ. ರಕ್ತ ಪರೀಕ್ಷೆಯ ವರದಿ, ವಿಮೆಯ ಪತ್ರ, ಮಿಕ್ಸಿಯ ಜೊತೆ ಬಂದ ಪುಸ್ತಕ, ಪಕ್ಕದ ಮನೆಯವರ ಕೋರ್ಟಿನ ನೋಟೀಸು. ಓಣಿಯವರು ಕಾಗದ ಹಿಡಿದು ಮೆಟ್ಟಿಲು ಹತ್ತುವ ಸಪ್ಪಳ ನನಗೆ ಗೊತ್ತು. ಬರಿಗೈಯಲ್ಲಿ ಬರುವವರಿಗಿಂತ ನಿಧಾನ ಹತ್ತುತ್ತಾರೆ. ದಣಿದ ದಿನಗಳಲ್ಲಿ ಮೊದಲ ಸಾಲು, ಕೊನೆಯ ಸಾಲು ನೋಡಿ ಉಳಿದದ್ದನ್ನು ಊಹಿಸಿ ಹೇಳಿದ್ದೂ ಉಂಟು. ಹಾಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಅಣ್ಣನದು ಮನೆಗಳ ಸ್ಲ್ಯಾಬ್ ಹಾಕಲು ಕಾಂಕ್ರೀಟ್ ಮಿಕ್ಸರ್ ಒಯ್ಯುವ ಕೆಲಸ. ಮಿಕ್ಸರ್ ಎಂದರೆ ಎರಡು ಗಾಲಿಯ ಮೇಲೆ ನಿಂತ ದೊಡ್ಡ ಕಬ್ಬಿಣದ ಹೊಟ್ಟೆ. ಅದನ್ನು ಪಿಕಪ್ಪಿನ ಹಿಂದಿನ ಕೊಂಡಿಗೆ ಪಿನ್ನು ಹಾಕಿ ಕಟ್ಟಿ ಎಳೆದುಕೊಂಡು ಹೋಗುತ್ತಾರೆ. ಪಿಕಪ್ಪಿನ ಮೇಲೆ ಸಲಿಕೆ, ಬುಟ್ಟಿ, ಡೀಸೆಲ್ ಡಬ್ಬಿ, ಕುಡಿಯುವ ನೀರಿನ ಕೊಡ. ಅವುಗಳ ನಡುವೆ ಆಳುಗಳು, ಹೆಂಗಸರೂ ಗಂಡಸರೂ. ಸಾಮಾನಿನ ಗಾಡಿಯಲ್ಲಿ ಮಂದಿಯನ್ನು ಕೂಡಿಸಬಾರದು ಎಂಬುದು ಎಲ್ಲರಿಗೂ ಗೊತ್ತು. ಪೊಲೀಸರು ನಿಂತ ಕಡೆ ಇವರು ಬಗ್ಗಿ ಕೂಡುತ್ತಾರೆ. ಹಾಗೆಯೇ ನಡೆದುಬಂದಿದೆ.

ಗಾಡಿ ಹೊಸದಾಗಿ ಬಂದ ದಿನ ಅಣ್ಣ ಕಾರ್ಡು ತಂದು ನನ್ನ ಮುಂದೆ ಇಟ್ಟ. ಆ ದಿನದ ಬಗ್ಗೆ ನನಗೆ ನೆನಪಿರುವುದು ಇಷ್ಟು. ಗಾಲಿಯ ಕೆಳಗೆ ಇಟ್ಟ ನಿಂಬೆಹಣ್ಣು ಒಡೆದ ವಾಸನೆ ಮೇಲಿನವರೆಗೂ ಬಂದಿತ್ತು. ನಾನು ಕಾಲೇಜಿನಿಂದ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ.

“ತಂಗೆವ್ವಾ, ಇದರಾಗ ನೋಡಿ ಹೇಳ, ಗಾಡಿ ಎಷ್ಟ ಭಾರ ತಡೀತೈತಿ?”

“ಎರಡು ಸಾವಿರದ ಒಂಬೈನೂರಾ ಐವತ್ತ ಕೆ.ಜಿ.”

“ಅಂದ್ರ ಮೂರ ಟನ್ನ!”

“ಮೂರಕ್ಕ ಐವತ್ತ ಕಮ್ಮಿ.”

“ಐವತ್ತಂದ್ರ ಒಂದ ಸಿಮೆಂಟ್ ಚೀಲ. ಮೂರ ಟನ್ನಿಗೆ ಒಂದ ಚೀಲ ಕಮ್ಮಿ. ಬರೋಬ್ಬರಿ.”

ಮಾತು ಹೀಗೇ ನಡೆಯಿತು ಎಂದು ನನ್ನ ನೆನಪು. ಒಂಬತ್ತು ವರ್ಷದಲ್ಲಿ ಇದನ್ನು ಅಣ್ಣ ಎಷ್ಟು ಜನರ ಮುಂದೆ ಹೇಳಿದನೆಂದರೆ, ನಾನು ಕೇಳಿದ ಮಾತು ಯಾವುದು, ಅವನು ಹೇಳಿ ಹೇಳಿ ನನ್ನ ಕಿವಿಯಲ್ಲಿ ಕೂರಿಸಿದ್ದು ಯಾವುದು ಎಂದು ಈಗ ಬೇರೆ ಮಾಡಲಾರೆ. ಗಿರಾಕಿಗಳ ಮುಂದೆ ಅವನು ಎದೆ ತಟ್ಟಿ ಹೇಳುತ್ತಿದ್ದ: “ನಮ್ಮ ತಂಗಿ ಎಂ.ಎ. ಓದ್ಯಾಳ. ಕಾಗದ ನೋಡಿ ಹೇಳ್ಯಾಳ. ಅಂದಾಜಲ್ಲರಿ ಇದು.”

ಅವನು ಆ ಅಂಕಿಯನ್ನು ಮೀರಲಿಲ್ಲ ಎನ್ನುವುದೇ ಈಗ ನನ್ನನ್ನು ಹೆಚ್ಚು ಚುಚ್ಚುತ್ತದೆ. ಅಣ್ಣ ಹುಂಬನಲ್ಲ. ಮಿಕ್ಸರಿನ ಭಾರ ಹದಿನೈದು ಕ್ವಿಂಟಲ್ ಎಂದು ಮಾರಿದವನಿಂದ ಕೇಳಿಕೊಂಡಿದ್ದ. ಅದಕ್ಕೆ ಸಾಮಾನು ಕೂಡಿಸಿ, ಮೇಲೆ ಎಷ್ಟು ಚೀಲ ಹೇರಬಹುದು ಎಂದು ಬೆರಳೆಣಿಸಿ, ಒಂದು ಚೀಲ ಹೆಚ್ಚಾದರೂ ಇಳಿಸುತ್ತಿದ್ದ. ಮನೆಯ ಮಾಲೀಕರು ಸಿಟ್ಟಾಗುತ್ತಿದ್ದರು. ಮಂದಿಯನ್ನು ಮಾತ್ರ ಅವನು ಎಣಿಸುತ್ತಿರಲಿಲ್ಲ. ಒಮ್ಮೆ ನಾನೇ ಕೇಳಿದ್ದೆ, ಇವರೆಲ್ಲ ಭಾರ ಅಲ್ಲವೇ ಎಂದು.

“ಮಂದಿ ಹ್ಯಾಂಗ ಭಾರ ಆದಾರು? ಏರು ಬಂತಂದ್ರ ಇಳದು ದೂಡತಾರ. ದೂಡಾವರು ಇಂಜಿನ್ನವಾ, ಲೋಡಲ್ಲ.”

ಸ್ಲ್ಯಾಬ್ ಹಾಕುವವರೆಲ್ಲರ ಲೆಕ್ಕವೂ ಇದೇ. ಏರಿನಲ್ಲಿ ಗಾಡಿ ಏದುಸಿರು ಬಿಟ್ಟರೆ ಯಾರೂ ಹೇಳದೆ ಎಲ್ಲರೂ ಧುಮುಕುತ್ತಾರೆ, ದೂಡುತ್ತಾರೆ, ಏರು ಮುಗಿದರೆ ಹತ್ತಿ ಕೂಡುತ್ತಾರೆ. ನಾನು ಆ ದಿನ ನಕ್ಕೆ. ಮಾತಿನ ಚಂದಕ್ಕೆ ನಕ್ಕೆ. ಕಾಲೇಜಿನಲ್ಲಿ ಒಬ್ಬ ವಿದ್ಯಾರ್ಥಿನಿ ಹೀಗೆ ವಾದಿಸಿದ್ದರೆ ಏರು ಸರಿ, ಇಳಿಜಾರಿನಲ್ಲಿ ಏನು ಎಂದು ಕೇಳುತ್ತಿದ್ದೆ.

ಆ ಇಳಿಜಾರು ಉಪ್ಪಿನಬೆಟಗೇರಿ ಕಡೆಯ ಒಂದು ಅಡ್ಡ ರಸ್ತೆಯಲ್ಲಿದೆ, ಹಳ್ಳಕ್ಕೆ ಇಳಿಯುವಲ್ಲಿ. ಗಾಡಿ ಹೊಲಕ್ಕೆ ನುಗ್ಗಿದ ದಿನ, ಸ್ಲ್ಯಾಬ್ ಇದ್ದ ಮನೆಯವರು ಬರುವಾಗ ಹನ್ನೆರಡು ಚೀಲ ಸಿಮೆಂಟನ್ನೂ ತಂದುಬಿಡಿ ಎಂದಿದ್ದರಂತೆ. ಬೆಳಗಿನ ಹೊತ್ತು, ಹಿಂದಿನ ದಿನ ಮಳೆಯಾಗಿತ್ತು. ನಾನು ಅಲ್ಲಿರಲಿಲ್ಲ. ಆದರೂ ನನ್ನ ಕಣ್ಣ ಮುಂದೆ ಒಂದು ಚಿತ್ರವಿದೆ: ಗಾಡಿ ಓರೆಯಾಗಿದೆ, ಹೆಂಗಸರು ಒಬ್ಬರನ್ನೊಬ್ಬರು ಹಿಡಿದಿದ್ದಾರೆ, ಅಣ್ಣನ ಮುಖ ಕಾಣುತ್ತಿದೆ. ಮುಖ ಹೇಗೆ ಕಂಡೀತು, ನಾನು ಎಲ್ಲಿ ನಿಂತಿದ್ದೆ? ಈ ಚಿತ್ರವನ್ನು ನಂಬಬಾರದು. ನಂಬಬಹುದಾದದ್ದು ತಂಡದ ಹಿರಿಯ ಹೆಣ್ಣಾಳು ಹೇಳಿದ ಮಾತು. ಅವಳನ್ನು ತಂಡದವರೆಲ್ಲ ಅತ್ತಿ ಎನ್ನುತ್ತಾರೆ. ಬಿದ್ದು ಅವಳ ಎಡ ಮುಂಗೈ ಮುರಿದಿತ್ತು. ಎರಡನೆಯ ದಿನ ಪ್ಲಾಸ್ಟರ್ ಹಾಕಿದ ಕೈಯಲ್ಲಿ ಆಸ್ಪತ್ರೆಯ ಕಾಗದ ಹಿಡಿದು ನನ್ನ ಮೆಟ್ಟಿಲು ಹತ್ತಿ ಬಂದಳು, ಓದಿಸಿಕೊಳ್ಳಲು.

“ಹಿಂದ ಯಾರೋ ದೂಡಿದಂಗಾತ್ರಿ ಅಕ್ಕಾರ,” ಎಂದಳು. “ಏರಿನ್ಯಾಗ ನಾವು ದೂಡತೇವಲ್ರಿ, ಇಳಕಲಿನ್ಯಾಗ ಮಿಕ್ಸರ್ ದೂಡ್ತು. ಅಣ್ಣಾರು ಬ್ರೇಕ್ ಒತ್ತಿದ್ರು. ಗಾಡಿ ಕೇಳ್ತು, ಮಿಕ್ಸರ್ ಕೇಳಲಿಲ್ಲ. ಆಮ್ಯಾಲ ಹೊಲದಾಗ ಇದ್ವಿ.”

ಅಣ್ಣ ಹಳ್ಳದ ಸೇತುವೆ ಬಿಟ್ಟು ಎಡಕ್ಕೆ ತಿರುಗಿಸಿ ಎರೆಹೊಲಕ್ಕೆ ನುಗ್ಗಿಸಿದ್ದ. ಮಳೆ ಉಂಡ ಕರಿಮಣ್ಣು ಗಾಲಿಗಳನ್ನು ಹಿಡಿದುಕೊಂಡಿತು. ಮಿಕ್ಸರ್ ಮಗ್ಗುಲಾಯಿತು. ಅತ್ತಿಯ ಕೈ ಬಿಟ್ಟರೆ ಉಳಿದವರಿಗೆ ತರಚು ಗಾಯ.

ಆ ದಿನದಿಂದ ಅಣ್ಣ ಸ್ಟೇರಿಂಗ್ ಮುಟ್ಟಲಿಲ್ಲ. ಆಳುಗಳನ್ನು ಕೂಡಿಸುವ ಮೇಸ್ತ್ರಿ ಟ್ರ್ಯಾಕ್ಟರ್ ತಂದು ಗಾಡಿ ಎಳೆಸಿ, ರಿಪೇರಿ ಮಾಡಿಸಿ, ಮನೆಯ ಮುಂದೆ ತಂದು ನಿಲ್ಲಿಸಿದ. ಹಿಂದೆ ತಗ್ಗುಬಿದ್ದ ಮಿಕ್ಸರ್. ಅಣ್ಣ ಬಸ್ಸಿನಲ್ಲಿ ಪೇಟೆಗೆ ಹೋಗತೊಡಗಿದ. ಊಟಕ್ಕೆ ಕೂತರೆ ರೊಟ್ಟಿ ಮುರಿಯುವ ಮೊದಲು ಕೈಗಳನ್ನು ನೋಡಿಕೊಳ್ಳುತ್ತಿದ್ದ. ತುಂಬಿದ ಕೊಡ ಎತ್ತಿ ನಲ್ಲಿಯಿಂದ ಅಡುಗೆಮನೆಗೆ ನಡೆದು, ನೀರು ಚೆಲ್ಲಿತೇ ಎಂದು ಹಿಂದೆ ತಿರುಗಿ ನೋಡುತ್ತಿದ್ದ. ಕೇಳಿದವರಿಗೆಲ್ಲ ಒಂದೇ ಮಾತು:

“ಲೋಡ್ ಲೆಕ್ಕದಾಗ ಇತ್ತು. ಹನ್ನೆರಡ ಚೀಲ, ಸಾಮಾನು, ಮಿಕ್ಸರ್. ಎಲ್ಲಾ ಕೂಡಿ ಇಪ್ಪತ್ಮೂರ ಕ್ವಿಂಟಲ್. ಇನ್ನೂ ಆರೂವರಿ ಕ್ವಿಂಟಲ್ ಜಾಗಾ ಇತ್ತು. ಗಾಡೀದ ತಪ್ಪಲ್ಲ. ಕೈ ಹೋಗ್ಯಾವ ನನ್ನವು.”

ವೈನಿ ಒಂದು ಸಂಜೆ ಚಹಾ ತಂದು ಕೊಟ್ಟು ಬಾಗಿಲಲ್ಲೇ ನಿಂತರು. “ನೀನರ ಮಾತಾಡವಾ. ಟಿ.ವಿ. ರಿಮೋಟ್ ಹಿಡದ್ರೂ ಕೈ ನಡಗತೈತಿ ಅಂತಾರ. ನಡಗೂದಿಲ್ಲ, ನಾ ನೋಡೇನಿ. ಮನಸ್ಸ ನಡಗತೈತಿ.”

“ಮಾತಾಡ್ತೇನ್ರಿ ವೈನಿ,” ಎಂದೆ. ಅಷ್ಟರಲ್ಲಿ ನನಗೆ ಎಲ್ಲ ಗೊತ್ತಾಗಿತ್ತು.

ಗೊತ್ತಾದದ್ದು ಹೀಗೆ. ವಿಮೆಯ ಕೆಲಸಕ್ಕೆ ಗಾಡಿಯ ಕಾರ್ಡಿನ ಝೆರಾಕ್ಸ್ ಬೇಕಿತ್ತು. ನಾಲ್ಕನೆಯ ದಿನ ಕಾಲೇಜಿನ ಎದುರಿನ ಅಂಗಡಿಯಲ್ಲಿ ಸರದಿಯಲ್ಲಿ ನಿಂತು, ಮಾಡಲು ಬೇರೇನೂ ಇಲ್ಲದ್ದರಿಂದ ಕಾರ್ಡು ಓದಿದೆ. ಭಾರದ ಅಂಕಿ ಎರಡಿದ್ದವು, ಒಂದರ ಕೆಳಗೊಂದು. ಖಾಲಿ ಗಾಡಿಯ ಭಾರ ಸಾವಿರದ ಏಳುನೂರಾ ಇಪ್ಪತ್ತು. ಎಲ್ಲ ಹೇರಿದ ಮೇಲೆ ಗಾಡಿ ಒಟ್ಟು ತೂಗಬಹುದಾದ ಭಾರ ಎರಡು ಸಾವಿರದ ಒಂಬೈನೂರಾ ಐವತ್ತು. ಗಾಡಿ ಮೊದಲು ತನ್ನನ್ನು ತಾನೇ ಹೊರಬೇಕು. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಉಳಿಯುವುದೇ ಹೇರಬಹುದಾದ ಭಾರ: ಸಾವಿರದ ಇನ್ನೂರಾ ಮೂವತ್ತು. ಪ್ರಾಥಮಿಕ ಶಾಲೆಯ ವಜಾಬಾಕಿ. ಅಂಗಡಿಯವನು ಎರಡು ಸಲ ಕೂಗಿದ ಮೇಲೆ ಕಾರ್ಡು ಕೊಟ್ಟೆ.

ಆಮೇಲೆ ಗಾಡಿಯ ಜೊತೆ ಬಂದಿದ್ದ ಪುಸ್ತಕವನ್ನು ಹುಡುಕಿದೆ. ಒಂಬತ್ತು ವರ್ಷದ ಮೇಲೂ ಅದು ಪ್ಲಾಸ್ಟಿಕ್ ಚೀಲದೊಳಗೇ ಇತ್ತು. ಓದಬೇಕಾದವಳು ನಾನೇ, ಓದಿರಲಿಲ್ಲ. ಮೂರು ದಿನ ಬಿಡುವಿನ ಅವಧಿಗಳಲ್ಲಿ ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತು ಓದಿದೆ. ಆ ಹನ್ನೆರಡು ಚಿಲ್ಲರೆ ಕ್ವಿಂಟಲ್‌ನೊಳಗೆ ಸಿಮೆಂಟು, ಸಲಿಕೆ, ಮಂದಿ, ನೀರಿನ ಕೊಡ ಎಲ್ಲವೂ ಬರಬೇಕು. ಹಿಂದೆ ಕಟ್ಟಿದ್ದು ಬರೀ ಹಿಂದೆ ಇರುವುದಿಲ್ಲ. ಅದರ ಮೂತಿ ಕೊಂಡಿಯ ಮೇಲೆ ಕೂತು ಗಾಡಿಯನ್ನು ಕೆಳಕ್ಕೆ ಒತ್ತುತ್ತದೆ, ಆ ಒತ್ತೂ ಲೆಕ್ಕಕ್ಕೆ ಸೇರಬೇಕು. ಎಳೆಯಬಹುದಾದ ಭಾರದ ಅಂಕಿಯೇ ಬೇರೆ. ಎಳೆಸಿಕೊಳ್ಳುವ ವಸ್ತುವಿಗೆ ತನ್ನದೇ ಬ್ರೇಕಿಲ್ಲದಿದ್ದರೆ ಆ ಅಂಕಿ ಬಹಳ ಸಣ್ಣದು. ಮಿಕ್ಸರಿನ ಗಾಲಿಗೆ ಬ್ರೇಕು ಎಲ್ಲಿಂದ ಬರಬೇಕು? ಎಳೆಯುವುದು ಇಂಜಿನ್ನಿನ ಕೆಲಸ, ನಿಲ್ಲಿಸುವುದು ಬ್ರೇಕಿನ ಕೆಲಸ, ಎರಡೂ ಬೇರೆ ಎಂಬ ಇಷ್ಟು ಸಣ್ಣ ವಿಷಯ ತಿಳಿಯಲು ನನಗೆ ಮೂರು ದಿನ ಬೇಕಾಯಿತು.

ಗ್ಯಾರೇಜಿಗೂ ಹೋದೆ. ನಮ್ಮ ಓಣಿಯ ಹಿಂದೆಯೇ ಇರುವುದು. ಅಲ್ಲಿಯ ಮೆಕ್ಯಾನಿಕ್ ಅಣ್ಣನ ಗಾಡಿಯನ್ನು ಮೊದಲಿನಿಂದ ಬಲ್ಲ. ಹಿಂದಿನ ಆಕ್ಸಲ್ ಮೇಲಿನ ಪಾಟಾ, ಅಂದರೆ ಭಾರ ಹೊರುವ ಬಾಗಿದ ಉಕ್ಕಿನ ಪಟ್ಟಿಗಳು, ಎರಡು ಹೆಚ್ಚಿಗೆ ಹಾಕಿದ್ದ.

“ಅವನ್ನ ಹಾಕಿದ್ರ ಗಾಡಿ ಹೆಚ್ಚ ಭಾರ ತಡೀತೈತೇನ್ರಿ?” ಎಂದು ಕೇಳಿದೆ.

“ತಡಿಯೂದೇನ್ ಬಂತ್ರಿ ಅಕ್ಕಾರ. ಗಾಡಿ ಕುಂಡಿ ಕೆಳಗ ಕೂಡಂಗಿಲ್ಲ, ಅಷ್ಟ. ಎಷ್ಟ ಹೇರಿದ್ರೂ ಹಿಂದಿಂದ ನೋಡಿದ್ರ ಖಾಲಿ ಗಾಡಿ ಇದ್ದಂಗ ಕಾಣತೈತಿ. ಪಾಟಾ ಹಾಕ್ಯಾರ ಅನ್ನೂದು ಬ್ರೇಕಿಗೆ ಗೊತ್ತಾಗೂದಿಲ್ಲಲ್ರಿ.”

“ಇದನ್ನ ಅಣ್ಣಗ ಹೇಳಿದ್ರೇನು?”

“ಹೇಳಿದ್ನಿರಿ, ಎರಡ ಮೂರ ಸಲ. ‘ತಂಗಿ ಕಾಗದ ನೋಡಿ ಹೇಳ್ಯಾಳ’ ಅಂದ್ರು.” ಅವನು ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ನನ್ನ ಮುಖ ನೋಡಲಿಲ್ಲ. “ಓದಿದವರ ಮುಂದ ನಾ ಏನ್ ಹೇಳ್ಲಿರಿ?”

ಅಂದೇ ಮನೆಗೆ ಬಂದು ಹೇಳಬಹುದಿತ್ತು. ಕೆಳಗೆ ಅಣ್ಣ ಕೂತಿದ್ದ. ಅವನನ್ನು ದಾಟಿ ಮೆಟ್ಟಿಲು ಹತ್ತಿದೆ. ಒಂಬತ್ತು ವರ್ಷದ ಹಿಂದಿನ ಡೈರಿ ತೆಗೆದೆ. ಅದರಲ್ಲಿ ನನ್ನನ್ನು ಬಿಡಿಸುವ ಒಂದು ಸಾಲಾದರೂ ಇದ್ದೀತು ಎಂಬ ಆಸೆ. ಸಿಕ್ಕಿದ್ದು ಇಷ್ಟು: ‘ಅಣ್ಣನ ಗಾಡಿ ಬಂತು. ಕಾಗದ ನೋಡಿ ಹೇಳಿದೆ. ಬಸ್ಸಿನಲ್ಲಿ ನಿಂತೇ ಬಂದೆ, ಕಾಲು ನೋವು.’ ಏನು ಹೇಳಿದೆ ಎಂದು ಬರೆದಿರಲಿಲ್ಲ. ಕಾಲು ನೋವು ಬರೆದಿದ್ದೆ.

ಏಕೆ ಹೇಳಲಿಲ್ಲ ಎಂದು ಈಗ ಕೇಳಿಕೊಂಡರೆ ಹಲವು ಉತ್ತರ ಬರುತ್ತವೆ, ಒಂದೂ ನೇರವಾಗಿಲ್ಲ. ಅಣ್ಣನಿಗೆ ಆಘಾತವಾದೀತು ಎಂದುಕೊಂಡೆ. ಆಘಾತ ಆಗಿಯೇ ಇತ್ತು, ಹೇಳಿದ್ದರೆ ಕಡಿಮೆಯಾಗುತ್ತಿತ್ತು. ನನ್ನ ಓದಿನ ಮೇಲೆ ಅವರಿಟ್ಟ ಭರವಸೆ ಕೆಟ್ಟೀತು ಎಂದು ಹೆದರಿದೆ ಎನ್ನಬಹುದು. ಇರಬಹುದು. ಆ ಭರವಸೆಯಿಂದ ನಾನು ದಣಿದಿದ್ದೆ, ಆದರೂ ಅದು ಕೈಬಿಟ್ಟು ಹೋಗುವುದು ಬೇಕಿರಲಿಲ್ಲ. ಹೀಗೆ ಬರೆದರೆ ಏನೋ ಆಳವಾದದ್ದು ಕಂಡಂತೆ ಕಾಣುತ್ತದೆ. ಬಹುಶಃ ಬರೀ ನಾಚಿಕೆ. ಪ್ರತಿ ದಿನ ನಾಳೆ ಎಂದುಕೊಂಡೆ, ಪ್ರತಿ ದಿನ ಅವನು ತನ್ನ ಕೈ ನೋಡಿಕೊಂಡ.

ಅಷ್ಟರಲ್ಲಿ ಅಣ್ಣ ಗಾಡಿಯನ್ನೂ ಮಿಕ್ಸರನ್ನೂ ಮೇಸ್ತ್ರಿಗೆ ಮಾರಿಬಿಡುವುದೆಂದು ಮಾತು ಮುಗಿಸಿದ. ಮೇಸ್ತ್ರಿ ಅಣ್ಣನ ಜೊತೆಗೇ ದುಡಿಯುವ ಮನುಷ್ಯ. ಇಬ್ಬರದೂ ಒಂದೇ ವಯಸ್ಸು. ಗಾಡಿ ಕೈ ಬದಲಾಗುವ ಭಾನುವಾರ ಬೆಳಿಗ್ಗೆ ಹದಿನೈದು ಆಳುಗಳೂ ಬಂದರು. ತಮ್ಮನ್ನು ಹೊತ್ತು ತಿರುಗಿದ ಗಾಡಿ, ಕಾಯಿ ಒಡೆಯುವಾಗ ತಾವಿರಬೇಕು ಎಂದು. ಅತ್ತಿಯೂ ಪ್ಲಾಸ್ಟರ್ ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ವೈನಿ ದೊಡ್ಡ ಬೋಗುಣಿ ತುಂಬ ಚುರುಮುರಿಯ ಸೂಸ್ಲಾ ಮಾಡಿ ಅಂಗಳಕ್ಕೆ ತಂದಿಟ್ಟರು.

ಅಣ್ಣ ಬಾನೆಟ್ ಮೇಲೆ ಕೈಯಿಟ್ಟು, ಗಾಡಿಯ ಗುಣಗಳನ್ನು ಮೇಸ್ತ್ರಿಗೆ ಒಂದೊಂದಾಗಿ ಹೇಳಿದ. ಎರಡನೇ ಗೇರು ಸ್ವಲ್ಪ ಬಿಗಿ. ಚಳಿಗಾಲದಾಗ ಎರಡ ಸಲ ಸೆಲ್ಫ್ ಹೊಡಿಬೇಕು. ಆಮೇಲೆ ಆ ಮಾತು ಬಂತು.

“ಮೂರ ಟನ್ನಿಗೆ ಒಂದ ಚೀಲ ಕಮ್ಮಿ ತಡೀತೈತಿ. ಅಷ್ಟರೊಳಗ ಇಟ್ಟಿಯಂದ್ರ ಏನೂ ಆಗಂಗಿಲ್ಲ. ಮಂದಿ ಲೆಕ್ಕಕ್ಕಿಲ್ಲ.”

ನನ್ನ ಕೈಯಲ್ಲಿ ಸೂಸ್ಲಾದ ತಟ್ಟೆಯಿತ್ತು. ಈ ಹದಿನೈದು ಜನ ನಾಳೆಯೂ ಇದೇ ಗಾಡಿಯ ಮೇಲೆ ಕೂಡುತ್ತಾರೆ, ಇದೇ ಅಂಕಿಯ ಮೇಲೆ. ಇದನ್ನು ಯೋಚಿಸಿದ ಮೇಲೆ ಮಾತಾಡಿದೆನೋ, ಮಾತಾಡಿದ ಮೇಲೆ ಯೋಚಿಸಿದೆನೋ, ನಿಶ್ಚಯವಿಲ್ಲ.

“ಅಲ್ಲಣ್ಣಾ,” ಎಂದೆ. “ಅದು ಗಾಡೀದ ಭಾರಾನೂ ಕೂಡಿ. ಗಾಡೀದ ಹದಿನೇಳ ಕ್ವಿಂಟಲ್ ಐತಿ. ಅದನ್ನ ತಗದ್ರ ಬರೇ ಹನ್ನೆರಡ ಉಳೀತೈತಿ. ನಾ ಅವತ್ತ ತಗೀಲಿಲ್ಲ. ತಪ್ಪ ಹೇಳಿದ್ನಿ ನಿನಗ.”

ಮೊದಲು ನಕ್ಕವನು ಮೇಸ್ತ್ರಿ. “ಏ ಅಕ್ಕಾರ, ಒಂಬತ್ತ ವರ್ಷ ತಡದೈತಲ್ರಿ!”

ಅಣ್ಣ ನನ್ನ ಕಡೆ ನೋಡುತ್ತಿದ್ದ. “ಮತ್ತ ಮಿಕ್ಸರ್?”

“ಅದಕ್ಕ ಬ್ಯಾರೆ ಲೆಕ್ಕ. ಬ್ರೇಕ್ ಇಲ್ಲದ್ದನ್ನ ಅಷ್ಟ ದೊಡ್ಡದ ಎಳೀಬಾರದಂತ.”

“ಮಂದಿ?”

“ಮಂದೀನೂ ಆ ಹನ್ನೆರಡರಾಗ ಬರ್ತಾರ.”

“ದೂಡಾವರೂ?”

“ದೂಡಾವರೂ.”

“ನಾ ಒಬ್ಬಾಕಿನ ಒಂದೂವರಿ ಚೀಲ ಆಗತೇನಿ ಹಂಗಾರ,” ಎಂದಳು ಅತ್ತಿ. ಹೆಂಗಸರು ನಕ್ಕರು. ಅಣ್ಣ ನಗಲಿಲ್ಲ. ಯಾವಾಗ ಗೊತ್ತಾಯಿತು ಎಂದು ಅವನು ಕೇಳಲಿಲ್ಲ. ಕೇಳುತ್ತಾನೆಂದು ಕಾದೆ.

ಮೇಸ್ತ್ರಿಗೆ ಮಾತ್ರ ಒಪ್ಪಿಗೆಯಾಗಲಿಲ್ಲ. “ಕಾಗದದಾಗ ಏನರ ಬರಕೊಳ್ಳಲಿ. ಕಾಟಾದ ಮ್ಯಾಲ ಹಚ್ಚಿ ನೋಡೂಣ ನಡೀರಿ.”

ಕಾಟಾ ಎಂದರೆ ಲಾರಿಗಳನ್ನು ತೂಗುವ ಕಬ್ಬಿಣದ ಹಾಸು. ಮಾರುಕಟ್ಟೆಯ ಹತ್ತಿರ ಒಂದಿದೆ. ಮೇಸ್ತ್ರಿ ಸ್ಟೇರಿಂಗ್ ಹಿಡಿದ, ಪಕ್ಕದಲ್ಲಿ ನಾನು, ಬಾಗಿಲ ಕಡೆ ಅಣ್ಣ. ಆಳುಗಳು ಎಂದಿನಂತೆ ಹಿಂದೆ ಹತ್ತಿದರು. ಮಿಕ್ಸರನ್ನೂ ಕಟ್ಟಿಕೊಂಡೆವು. ದಾರಿಯುದ್ದಕ್ಕೂ ಅಣ್ಣ ಬಲಗೈಯಿಂದ ಡ್ಯಾಶ್‌ಬೋರ್ಡ್ ಒತ್ತಿ ಹಿಡಿದಿದ್ದ, ಅದರಲ್ಲಿ ಬ್ರೇಕಿದೆಯೋ ಎಂಬಂತೆ.

ಆ ಕಾಟಾ ಒಂದು ಕಡೆಯಿಂದ ಮಾತ್ರ ಹತ್ತುವಂಥದು, ಮುಂದೆ ಗೋಡೆ. ಗಾಡಿ, ಮಿಕ್ಸರ್ ಎರಡೂ ಹಾಸಿನ ಮೇಲೆ ನಿಂತವು. ಕಾಟಾದವನು ಕಿಟಕಿಯಿಂದಲೇ ಕೈ ಆಡಿಸಿದ.

“ಮಂದಿ ಇಳೀರಿ, ಮಂದಿ ಇಳೀರಿ.”

ಎಲ್ಲ ಕಡೆ ಹೀಗೇ. ತೂಗುವ ಮೊದಲು ಮಂದಿಯನ್ನು ಇಳಿಸುತ್ತಾರೆ. ಎಷ್ಟು ಕಾಟಾ ಹತ್ತಿದರೂ ಇವರ ಭಾರ ಯಾವ ಚೀಟಿಯಲ್ಲೂ ಬಂದಿರಲಿಲ್ಲ.

“ಇಳಿಯಂಗಿಲ್ರಿ. ಕೂಡಿನ ತೂಗರಿ,” ಎಂದೆ.

“ಅಕ್ಕಾರ, ಇದು ಮಂದಿ ತೂಗೂ ಕಾಟಾ ಅಲ್ಲ. ದವಾಖಾನಿಗೆ ಹೋಗ್ರಿ.”

“ಏ ತೂಗೋ ಮಾರಾಯಾ,” ಎಂದು ಅತ್ತಿ ಹಿಂದಿನಿಂದ ಕೂಗಿದಳು. “ಪ್ಲಾಸ್ಟರ್ ತಗದ ಲೆಕ್ಕಾ ಹಿಡಿ, ಅದು ನನ್ನದಲ್ಲ.”

ಅವನೂ ನಕ್ಕ, ತೂಗಿದ. ಹದಿನೆಂಟು ಜನ, ಗಾಡಿ, ಸಾಮಾನು, ಮಿಕ್ಸರ್: ನಾಲ್ಕು ಸಾವಿರದ ಮುನ್ನೂರಾ ತೊಂಬತ್ತು ಕೆ.ಜಿ. ಆಮೇಲೆ ನಾವೆಲ್ಲ ಇಳಿದೆವು. ಅಂಕಿ ಮೂರು ಸಾವಿರದ ನಾನೂರಾ ಇಪ್ಪತ್ತಕ್ಕೆ ಇಳಿಯಿತು. ಒಂಬತ್ತು ವರ್ಷ ಲೆಕ್ಕಕ್ಕಿಲ್ಲದ ಮಂದಿ ಒಂಬೈನೂರಾ ಎಪ್ಪತ್ತು ಕೆ.ಜಿ. ಇದ್ದರು.

ಅಣ್ಣ ಚೀಟಿಗಳನ್ನು ಕೈಯಲ್ಲಿ ಹಿಡಿದು ಕಾಟಾದ ಕಟ್ಟೆಯ ಮೇಲೆ ಕೂತ. ನನ್ನ ಪೆನ್ನು ಕೇಳಿ ತೆಗೆದುಕೊಂಡ. ಕೂಡಿಸಿದ್ದನ್ನು ತಾನೇ ಕೂಡಿಸಿದ, ನನಗೆ ತೋರಿಸಲಿಲ್ಲ. “ಅವತ್ತ ಹನ್ನೆರಡ ಚೀಲ ಬ್ಯಾರೆ ಇದ್ದವು,” ಎಂದು ಆರು ಕ್ವಿಂಟಲ್ ಸೇರಿಸಿದ. ಬಹಳ ಹೊತ್ತು ಆ ಮೊತ್ತವನ್ನು ನೋಡಿದ.

“ಐವತ್ತ ಕ್ವಿಂಟಲ್ಲಿಗೆ ಹತ್ತ ಕೆ.ಜಿ. ಕಮ್ಮಿ,” ಎಂದ. ಮತ್ತೆ, ಯಾರಿಗೂ ಅಲ್ಲ, ಚೀಟಿಗೆ ಹೇಳುವಂತೆ: “ಅಷ್ಟನ್ನ ಇಳಕಲಿನ್ಯಾಗ ಹಿಡದು ಹೊಲದಾಗ ನಿಲ್ಲಿಸೇನಿ.”

ಹಿಂದೆ ಎರಡು ಲಾರಿಗಳು ಬಂದು ಹಾರ್ನ್ ಹಾಕತೊಡಗಿದವು. ಗಾಡಿಯನ್ನು ಹಿಂದಕ್ಕೇ ತೆಗೆಯಬೇಕು. ಹಿಂದೆ ಮಿಕ್ಸರ್ ಕಟ್ಟಿರುವಾಗ ಹಿಂದಕ್ಕೆ ಹೋಗುವುದು ಸುಲಭವಲ್ಲ. ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಮಿಕ್ಸರ್ ಬಲಕ್ಕೆ ಹೋಗುತ್ತದೆ. ಮೇಸ್ತ್ರಿ ಒಮ್ಮೆ ತೆಗೆದ, ಮಿಕ್ಸರ್ ಮಡಚಿಕೊಂಡು ಕಾಟಾದ ಕಟ್ಟೆಗೆ ತಾಗಿತು. ಮುಂದೆ ತಂದು ಮತ್ತೆ ತೆಗೆದ, ಈ ಸಲ ಇನ್ನೊಂದು ಕಡೆ ಮಡಚಿತು. ಲಾರಿಯ ಡ್ರೈವರ್ ತಲೆ ಹೊರಹಾಕಿ, “ಕಾಕಾ, ಮದವಿ ಐತೇನು, ಮೆರವಣಿಗಿ ಹೊಂಟೀರೇನು?” ಎಂದ. ಮೂರನೆಯ ಸಲವೂ ಆಗಲಿಲ್ಲ.

ಅಣ್ಣ ಎದ್ದು ಹೋಗಿ ಬಾಗಿಲು ತೆಗೆದ. “ಇಳಿ,” ಎಂದ.

ಮೇಸ್ತ್ರಿ ಇಳಿದ. ಅಣ್ಣ ಹತ್ತಿ, ಸೀಟು ಹಿಂದಕ್ಕೆ ಸರಿಸಿಕೊಂಡು, ಕನ್ನಡಿ ಸರಿಮಾಡಿದ. ಸ್ಟೇರಿಂಗ್ ಅನ್ನು ಬೆರಳಷ್ಟು ಅತ್ತ, ಬೆರಳಷ್ಟು ಇತ್ತ ಮಾಡುತ್ತ ಒಂದೇ ಸಲಕ್ಕೆ ಗಾಡಿಯನ್ನೂ ಮಿಕ್ಸರನ್ನೂ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ತಂದು ನಿಲ್ಲಿಸಿದ. ಆಮೇಲೆ ಎಲ್ಲರೂ ಎಂದಿನಂತೆ ಹತ್ತಲು ಹೋದರು.

“ನಿಲ್ಲರಿ. ಮೊದಲ ಪಿನ್ ಕೀಳರಿ,” ಎಂದ ಅಣ್ಣ. “ಮಿಕ್ಸರ್ ಇಲ್ಲೇ ಇರ್ಲಿ. ಮಂದಿ ಒಂದ ಖೇಪು, ಮಿಕ್ಸರ್ ಒಂದ ಖೇಪು.”

“ಎರಡ ಖೇಪಾ? ಈ ಬಿಸಲಾಗ?” ಮೇಸ್ತ್ರಿ ಗೊಣಗಿದ. “ಹಿಂಗಾದ್ರ ಸ್ಲ್ಯಾಬ್ ಹಾಕಿ ಮುಗಿಸಿದಂಗ.”

“ಗಾಡಿ ಇನ್ನೂ ನಂದ ಐತಿ,” ಎಂದ ಅಣ್ಣ.

ಮಿಕ್ಸರಿಗೆ ಕಾವಲು ಬೇಕಲ್ಲ, ನಾನು ಉಳಿದೆ. ಅತ್ತಿಯೂ ಉಳಿದಳು. “ಒಂದೂವರಿ ಚೀಲ ಕಮ್ಮಿ ಆಗಲಿ ಅವಗ,” ಎಂದು ನೆರಳಿಗೆ ಕೂತಳು. ಗಾಡಿ ಹೋದ ಮೇಲೆ ನನಗೆ ಬಹಳ ದಣಿವಾಯಿತು. ಬೋಧನೆಯ ದಣಿವಲ್ಲ, ಬಸ್ಸಿನದಲ್ಲ. ಅವಳ ಕೈ ನೋಡುತ್ತ ಹೇಳಿದೆ, ಇದು ನನ್ನಿಂದ ಆದದ್ದು ಎಂದು.

“ನಿಮ್ಮ ಕಾಗದ ಎಲ್ಲಿ ಮುರೀತ್ರಿ ನನ್ನ ಕೈನ? ಹೊಲದ ಬದುವಿಗೆ ಬಡದು ಮುರೀತು.” ಮುರಿದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. “ಯಾವಾಗ ಗೊತ್ತಾತ್ರಿ ನಿಮಗ?”

ಅಣ್ಣ ಕೇಳದಿದ್ದುದನ್ನು ಅವಳು ಕೇಳಿದಳು. ಹೇಳಿದೆ.

“ಲಗೂ ಹೇಳಬೇಕಿತ್ರಿ ಅಕ್ಕಾರ,” ಎಂದಳು. “ಆ ಮನಷಾ ಹತ್ತೊಂಬತ್ತ ದಿನಾ ತನ್ನ ಕೈಗೆ ಬೈಕೋತ ಕುಂತ.”

ಸೆರಗಿನ ಗಂಟಿನಿಂದ ಎಲೆ ಅಡಿಕೆ ತೆಗೆದು, ಒಂದೇ ಕೈಯಲ್ಲಿ ಸುಣ್ಣ ಹಚ್ಚಲಾಗದೆ ಎಲೆಯನ್ನು ನನ್ನ ಕೈಗೆ ಕೊಟ್ಟಳು. ಹಚ್ಚಿ ಕೊಟ್ಟೆ.

ಎರಡನೆಯ ಖೇಪಿಗೆ ಅಣ್ಣ ಒಬ್ಬನೇ ಬಂದ. ಮಿಕ್ಸರ್ ಕಟ್ಟಿ ನಾವು ಮೂವರು ಮುಂದೆ ಕೂತೆವು. ಬರೀ ಮಿಕ್ಸರ್ ಎಳೆಯುವುದೂ ಪುಸ್ತಕದ ಪ್ರಕಾರ ಹೆಚ್ಚೇ ಎಂದೆ. ಈ ಸಲ ಅರ್ಧ ಹೇಳಿ ಬಿಡಬಾರದು ಎನಿಸಿತು. ಅವನು ಸಿಟ್ಟಾಗಲಿಲ್ಲ. “ಊರಾಗ ಸಪಾಟ ರಸ್ತೇದಾಗ ಸಾವಕಾಶ ಎಳೀತೇನಿ. ಹಳ್ಳೀಗಾದ್ರ ಟ್ರ್ಯಾಕ್ಟರ್ ಕರೀತೇನಿ,” ಎಂದ. ಅದು ಪೂರ್ತಿ ಸರಿಯಾದ ಉತ್ತರವಲ್ಲ. ಒತ್ತಾಯಿಸಲು ನನ್ನಲ್ಲಿ ಶಕ್ತಿಯಿರಲಿಲ್ಲ.

ಅತ್ತಿಯನ್ನು ಅವಳ ಓಣಿಯಲ್ಲಿ ಇಳಿಸಿದ ಮೇಲೆ, ನಮ್ಮ ಮನೆಯ ತಿರುವಿಗೆ ಬಂದಾಗ, ಅಣ್ಣ ಮುಂದೆ ನೋಡುತ್ತಲೇ ಹೇಳಿದ:

“ನೀ ಅವತ್ತ ‘ಗಾಡೀದೂ ಕೂಡಿ’ ಅಂತ ಅಂದಿದ್ದಿ, ತಂಗೆವ್ವಾ. ನನಗ ನೆನಪೈತಿ. ನಾನ ದೊಡ್ಡ ಅಂಕಿ ಹಿಡಕೊಂಡ ಕುಂತೆ.”

ನಾನು ಹಾಗೆ ಅಂದಿದ್ದು ನನಗೆ ನೆನಪಿಲ್ಲ. ಅಂದಿರಬಹುದೇ? ಅಥವಾ ನನ್ನ ಮೇಲಿಂದ ಸ್ವಲ್ಪ ಇಳಿಸಿ ತನ್ನ ಮೇಲೆ ಹೇರಿಕೊಳ್ಳುತ್ತಿದ್ದನೇ? ಮುಖ ನೋಡಿದೆ, ತಿಳಿಯಲಿಲ್ಲ. ಡೈರಿಯಲ್ಲಿ ಎರಡನ್ನೂ ಬರೆದಿದ್ದೇನೆ, ನಾನು ನೆನೆಯುವುದನ್ನೂ ಅವನು ನೆನೆಯುವುದನ್ನೂ. ಖಾಲಿ ಭಾರ, ಒಟ್ಟು ಭಾರ, ಹೇರಬಹುದಾದ ಭಾರ, ಮೂರು ಅಂಕಿಗಳನ್ನೂ ಬರೆದು, ಕಾರ್ಡು ಎದುರಿಟ್ಟುಕೊಂಡು ಎರಡು ಸಲ ತಾಳೆ ನೋಡಿದ್ದೇನೆ.

ಗಾಡಿ ಮಾರಲಿಲ್ಲ. ಮೇಸ್ತ್ರಿ ಒಂದು ವಾರ ಮುನಿಸಿಕೊಂಡು ಮತ್ತೆ ಬಂದ. ಸ್ಲ್ಯಾಬ್ ಇರುವ ದಿನ ಈಗ ಬೆಳಿಗ್ಗೆ ಗಾಡಿ ಎರಡು ಸಲ ಹೊರಡುತ್ತದೆ. ಮೊದಲು ಮಂದಿಯ ಮಾತು, ನಗು, ಬುಟ್ಟಿಗಳ ಸಪ್ಪಳ. ಮುಕ್ಕಾಲು ತಾಸಿಗೆ ತಿರುಗಿ ಬರುತ್ತದೆ. ಆಮೇಲೆ ಪಿನ್ನು ಹಾಕುವ ಸದ್ದು, ಮಿಕ್ಸರ್ ಖಾಲಿ ಹೊಟ್ಟೆಯಲ್ಲಿ ಗಡಗಡ ಎನ್ನುತ್ತ ಹೋಗುವುದು. ಆ ಎರಡನೆಯ ಸಲ ಹೋಗುವವರೆಗೆ ನಾನು ಬಸ್ಸಿಗೆ ಹೊರಡುವುದಿಲ್ಲ. ಅದರಿಂದ ವಾರಕ್ಕೆ ಎರಡು ದಿನ ಮೊದಲನೆಯ ಪಾಠಕ್ಕೆ ತಡವಾಗುತ್ತದೆ.